ಪೆಟ್ಟಿಗೆಯ ಒಳ ಅಳತೆ

ಮನುಷ್ಯನು ತನ್ನ ಉಪಯೋಗಕ್ಕಾಗಿ ನಿರ್ಮಿಸಿಕೊಂಡಿರುವ ವಸ್ತುಗಳಲ್ಲಿ ಪೆಟ್ಟಿಗೆಗೆ ಒಂದು ವಿಶೇಷವುಂಟು. ಮಣೆಯು ಕುಳಿತುಕೊಳ್ಳುವುದಕ್ಕೆ, ದೀಪವು ಬೆಳಗುವುದಕ್ಕೆ, ಕುಡುಗೋಲು ಕೊಯ್ಯುವುದಕ್ಕೆ. ಇವುಗಳಿಗೆಲ್ಲ ತಮ್ಮದೇ ಆದ ಕೆಲಸವಿದೆ. ಪೆಟ್ಟಿಗೆಗಾದರೋ ತನ್ನದೆಂಬ ಕೆಲಸವಿಲ್ಲ. ಅದು ತಾನಲ್ಲದ ಬೇರೊಂದು ವಸ್ತುವಿಗಾಗಿ ಇರತಕ್ಕದ್ದು. ಅದರಲ್ಲಿ ನಾವು ನಿಜವಾಗಿ ಉಪಯೋಗಿಸುವ ಭಾಗ ಹಲಗೆಯಲ್ಲ, ಬೀಗವೂ ಅಲ್ಲ. ಹಲಗೆಗಳ ನಡುವಣ ಬರಿದಾದ ಎಡೆ. ಪೆಟ್ಟಿಗೆಯನ್ನು ಮಾಡುವವನು ಪಟ್ಟ ಶ್ರಮವೆಲ್ಲವೂ ತನ್ನದಲ್ಲದ ಆ ಎಡೆಗೆ ಕಾವಲಾಗಿ ನಿಲ್ಲುತ್ತದೆ.

ಹೀಗಿದ್ದೂ ಮನುಷ್ಯನು ಪೆಟ್ಟಿಗೆಯ ಹೊರಮೈಯನ್ನು ಅಲಂಕರಿಸದೆ ಬಿಟ್ಟಿಲ್ಲ. ಚನ್ನಪಟ್ಟಣದ ಅರಗಿನ ಬಣ್ಣದ ಕುಂಕುಮದ ಭರಣಿ, ಸಾಗರ ಸೊರಬಗಳ ಗುಡಿಗಾರರು ಗಂಧದ ಮರದಲ್ಲಿ ಕೆತ್ತುವ ಸಂಪುಟ, ಬೀದರಿನ ಕಪ್ಪು ಲೋಹದಲ್ಲಿ ಬೆಳ್ಳಿಯ ಬಳ್ಳಿಯನ್ನು ಕೂರಿಸಿದ ಎಲೆಯಡಿಕೆಯ ಪೆಟ್ಟಿಗೆ, ಮೈಸೂರಿನ ಬೀಟೆಮರದ ಒಡವೆಯ ಪೆಟ್ಟಿಗೆ; ಕನ್ನಡನಾಡಿನ ಹಲವು ಕಡೆಗಳಲ್ಲಿ ಈ ಕಲೆ ಬೆಳೆದು ಬಂದಿದೆ. ಒಳಗಿನ ವಸ್ತುವಿಗಾಗಿ ಇರತಕ್ಕ ಪೆಟ್ಟಿಗೆಯ ಹೊರಗನ್ನು ಇಷ್ಟು ಅಲಂಕರಿಸುವುದು ಉಚಿತವೆ? ಉಚಿತವಾದರೆ ಅದರ ಮೇರೆ ಎಲ್ಲಿ? ಇದು ಸಣ್ಣ ಪ್ರಶ್ನೆಯಂತೆ ಕಾಣಬಹುದು. ಆದರೆ ಮಾತು, ಉಡುಪು, ಮದುವೆಯ ಸಂಭ್ರಮ, ವಿದ್ಯೆಯ ಬಿರುದು, ಇವೆಲ್ಲವೂ ಒಂದೊಂದು ಬಗೆಯ ಪೆಟ್ಟಿಗೆಗಳೇ ಆದುದರಿಂದ, ಇದಕ್ಕೆ ದೊರೆಯುವ ಉತ್ತರ ಅವುಗಳಿಗೂ ಸಲ್ಲತಕ್ಕದ್ದು. ನನಗೆ ಈ ಪ್ರಶ್ನೆ ಗ್ರಂಥಾವಲೋಕನದಿಂದ ಹುಟ್ಟಲಿಲ್ಲ. ನಾನು ಮಾಡಿದ ಒಂದು ತಪ್ಪಿನಿಂದ ಹುಟ್ಟಿತು. ಆದಕಾರಣ ಆ ಸಂಗತಿಯನ್ನು ಮೊದಲು ಹೇಳುವುದು ನ್ಯಾಯ.

ನಮ್ಮ ಊರು ಕೃಷ್ಣರಾಜಪೇಟೆ ತಾಲ್ಲೂಕಿನ ಸಂತೆಬಾಚಹಳ್ಳಿ. ಹೆಸರಿನಲ್ಲಿಯೇ ಸಂತೆಯನ್ನು ಹೊತ್ತಿರುವ ಊರಿನವನಿಗೆ ಸರಕಿನ ಹೊರಗೇ ಬೇರೆ, ಒಳಗೇ ಬೇರೆ ಎಂಬ ವಿವೇಕವಾದರೂ ಇರಬೇಕಾಗಿತ್ತು. ಕಳೆದ ವರ್ಷ ನನ್ನ ಮೊಮ್ಮಗಳು ಓದುವ ಶಾಲೆಯಲ್ಲಿ ಮಕ್ಕಳ ಕೈಗೆಲಸದ ಪ್ರದರ್ಶನವೊಂದು ಏರ್ಪಟ್ಟಿತು. ಮನೆಯಲ್ಲಿ ತನಗೆ ಪ್ರಿಯವಾದ ಒಂದು ವಸ್ತುವನ್ನು ಇಡುವುದಕ್ಕೆ ತಕ್ಕ ಅಲಂಕೃತವಾದ ಪೆಟ್ಟಿಗೆಯೊಂದನ್ನು ಪ್ರತಿಯೊಂದು ಮಗುವೂ ತಾನೇ ಮಾಡಿ ತರತಕ್ಕದ್ದೆಂದು ಉಪಾಧ್ಯಾಯಿನಿಯವರು ಹೇಳಿದ್ದರು. ಹುಡುಗಿಯು ಆರಿಸಿಕೊಂಡದ್ದು ಅವಳ ಅಜ್ಜಿಯ ಹಾಡಿನ ಪುಸ್ತಕವನ್ನು. ನನ್ನ ಪತ್ನಿಯು ಮದುವೆಯಾಗಿ ಬಂದ ವರ್ಷದಿಂದ ಹಸೆಯ ಹಾಡು, ಆರತಿಯ ಹಾಡು, ಗೌರಿಹಬ್ಬದ ಹಾಡುಗಳನ್ನು ಕೇಳಿ ಕೇಳಿ ತನ್ನ ಕೈಯಿಂದ ಬರೆದಿಟ್ಟ ಪುಸ್ತಕವದು. ಉದ್ದ ಎಂಟು ಅಂಗುಲ, ಅಗಲ ಆರೂವರೆ ಅಂಗುಲ. ಹೊಲಿಗೆಯ ದಾರ ಹೊರಗೆ ಬಂದಿದೆ. ಪುಟಗಳ ಮೇಲೆ ಅಲ್ಲಲ್ಲಿ ಅರಿಸಿನದ ಬೆರಳಿನ ಗುರುತಿದೆ. ಅಂಚುಗಳಲ್ಲಿ ಚುಕ್ಕಿಯಿಟ್ಟು ಬರೆದ ಸಣ್ಣ ಸಣ್ಣ ರಂಗವಲ್ಲಿಗಳಿವೆ. ಅವಳು ತೀರಿಕೊಂಡು ನಾಲ್ಕು ವರ್ಷಗಳಾಗಿವೆ.

ಹುಡುಗಿಯು ರಟ್ಟು, ಕತ್ತರಿ, ಮೈದಾಹಿಟ್ಟಿನ ಅಂಟು, ಬಣ್ಣದ ಕಾಗದಗಳನ್ನು ಹರಡಿಕೊಂಡು ಮೂರು ದಿನ ಕುಳಿತಳು. ಒಂದು ಗೋಡೆ ನಿಂತರೆ ಮತ್ತೊಂದು ಬಾಗಿತು. ಮುಚ್ಚಳವು ಒಂದು ಮೂಲೆಯಲ್ಲಿ ಕೂತರೆ ಇನ್ನೊಂದರಲ್ಲಿ ಎದ್ದಿತು. ನೋಡುತ್ತಿದ್ದ ನನಗೆ ತಾಳ್ಮೆ ತಪ್ಪಿತು. ಆ ಪುಸ್ತಕಕ್ಕೆ ಇಂಥ ಪೆಟ್ಟಿಗೆಯೆ ಎಂದು ಮನಸ್ಸು ನೊಂದದ್ದು ಸುಳ್ಳಲ್ಲ. ಹತ್ತು ಮಂದಿಯ ಎದುರಿನಲ್ಲಿ ನಮ್ಮ ಮನೆಯ ಪೆಟ್ಟಿಗೆಯು ಹಗುರವಾಗಿ ಕಾಣಬಾರದೆಂಬ ಹಮ್ಮು ಅದರ ಜೊತೆಯಲ್ಲಿ ಸೇರಿದ್ದೂ ಸುಳ್ಳಲ್ಲ. ಪರಿಚಿತರಾದ ಮರಗೆಲಸದ ಆಚಾರ್ಯರೊಬ್ಬರ ಬಳಿಗೆ ಹೋದೆ. ತೇಗದ ಹಲಗೆ, ಮುಚ್ಚಳದ ಮೇಲೆ ಬೀಟೆಮರದಲ್ಲಿ ಕೂರಿಸಿದ ನವಿಲು, ಅಂಚಿಗೆ ಬಳ್ಳಿ, ಒಳಗೆ ಕೆಂಪು ಮಕಮಲ್ಲು ಎಂದು ಗೊತ್ತುಮಾಡಿದೆ. ಪುಸ್ತಕಕ್ಕಿಂತ ಅರ್ಧ ಅಂಗುಲ ಹೆಚ್ಚಾಗಿರಲೆಂದು ಎಂಟೂವರೆ ಅಂಗುಲ ಉದ್ದ, ಏಳು ಅಂಗುಲ ಅಗಲ ಎಂದು ಚೀಟಿ ಬರೆದುಕೊಟ್ಟೆ. ಅವರು ಚೀಟಿಯನ್ನು ನೋಡಿ, “ಇದು ಹೊರ ಅಳತೆಯೋ ಒಳ ಅಳತೆಯೋ, ಮೇಷ್ಟ್ರೇ?” ಎಂದು ಕೇಳಿದರು. ನವಿಲಿನ ಚಿತ್ರವನ್ನೇ ನೋಡುತ್ತಿದ್ದ ನಾನು, “ಹೊರಗಿನದೇ ಇರಲಿ, ಆಚಾರ್ರೇ, ನವಿಲಿಗೆ ಎಡೆ ಸಾಕಲ್ಲವೆ?” ಎಂದುಬಿಟ್ಟೆ.

ಪೆಟ್ಟಿಗೆ ಬಂತು. ನೋಡಿದವರು ಕಣ್ಣು ತೆಗೆಯುವಂತಿರಲಿಲ್ಲ. ಆದರೆ ಹಲಗೆಯ ದಪ್ಪ ಅರ್ಧ ಅಂಗುಲ. ಎರಡು ಕಡೆಗೆ ಸೇರಿ ಒಂದು ಅಂಗುಲ. ಒಳಗೆ ಉಳಿದ ಎಡೆ ಏಳೂವರೆ ಅಂಗುಲ ಉದ್ದ, ಆರು ಅಂಗುಲ ಅಗಲ. ಮೂವತ್ತು ವರ್ಷ ಮಕ್ಕಳ ಲೆಕ್ಕವನ್ನು ತಿದ್ದಿದ ನನಗೆ ಈ ಲೆಕ್ಕ ಹೊಳೆದದ್ದು ಪ್ರದರ್ಶನದ ದಿನ ಬೆಳಗ್ಗೆ, ಪುಸ್ತಕವನ್ನು ಇಡಲು ಹೋದಾಗ. ಪೆಟ್ಟಿಗೆಯನ್ನು ಬರಿದಾಗಿಯೇ ಮೇಜಿನ ಮೇಲೆ ಇಟ್ಟದ್ದಾಯಿತು. ಅದರ ತಳದಲ್ಲಿ ‘ಮಾಡಿದವರು’ ಎಂದು ಹುಡುಗಿಯ ಹೆಸರಿನ ಚೀಟಿಯನ್ನು ಅಂಟಿಸಿದವನೂ ನಾನೇ. ಉಪಾಧ್ಯಾಯಿನಿಯವರು ಅವಳನ್ನು, “ನೀನೇ ಮಾಡಿದೆಯಾ ಮಗು?” ಎಂದು ಕೇಳಿದರು. ಅವಳು ನನ್ನ ಮುಖ ನೋಡಿದಳು. “ಮನೆಯವರು ಕೊಂಚ ಸಹಾಯ ಮಾಡಿದೆವು” ಎಂದು ನಾನು ನಕ್ಕೆ. ಬಹುಮಾನ ನಮಗೆ ಬಂತು.

ಅಂದು ಸಂಜೆ ಹುಡುಗಿಯು ಪೆಟ್ಟಿಗೆಯನ್ನು ಬೋರಲು ಹಾಕಿ, ನೀರಿನಲ್ಲಿ ಬೆರಳು ಅದ್ದಿ ಅದ್ದಿ ತನ್ನ ಹೆಸರಿನ ಚೀಟಿಯನ್ನು ಬಿಡಿಸುತ್ತಿದ್ದಳು. ಏತಕ್ಕೆಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಚೀಟಿ ಬಂತು, ಅಂಟಿನ ಕಲೆ ಉಳಿಯಿತು. ಆ ಕಲೆಯೇ ಈ ಲೇಖನಕ್ಕೆ ಕಾರಣ.

ಈಗ ವಿಚಾರಕ್ಕೆ ಬರೋಣ. ಇಂಥ ಪ್ರಸಂಗವನ್ನು ಕೇಳಿದ ನಿಷ್ಠುರವಾದಿಯೊಬ್ಬನು, ‘ಅಲಂಕಾರವೆಂಬುದೇ ಮೋಸದ ಬೀಜ, ಪೆಟ್ಟಿಗೆಯು ಬೋಳಾಗಿಯೇ ಇದ್ದಿದ್ದರೆ ಈ ಅನರ್ಥವಿಲ್ಲ’ ಎನ್ನಬಹುದು. ಮೇಲೆ ತಳುಕು ಒಳಗೆ ಹುಳುಕು ಎಂಬ ನಮ್ಮ ಗಾದೆಯೂ ಅವನ ಕಡೆಗೆ ಸಾಕ್ಷಿ ಹೇಳುತ್ತದೆ. ಚೀನಾ ದೇಶದಲ್ಲಿ ಕ್ರಿಸ್ತಪೂರ್ವ ೩ನೆಯ ಶತಮಾನದಲ್ಲಿದ್ದ ಹಾನ್ ಫೇಯ್ ಎಂಬ ರಾಜನೀತಿಜ್ಞನ ಹೆಸರಿನ ಗ್ರಂಥದಲ್ಲಿ ಇದೇ ಅರ್ಥದ ಕಥೆಯೊಂದುಂಟು. ಚೂ ನಾಡಿನ ವರ್ತಕನೊಬ್ಬನು ಒಂದು ಮುತ್ತನ್ನು ಮಾರುವುದಕ್ಕಾಗಿ ಸುವಾಸನೆಯ ಮರದಿಂದ ಸಂಪುಟವನ್ನು ಮಾಡಿಸಿ, ಪರಿಮಳದ್ರವ್ಯಗಳಿಂದ ಧೂಪ ಕೊಟ್ಟು, ರತ್ನಗಳನ್ನೂ ಮಿಂಚುಳ್ಳಿಯ ಗರಿಯನ್ನೂ ಕೂರಿಸಿದನಂತೆ. ಝೆಂಗ್ ನಾಡಿನ ಗಿರಾಕಿಯು ಬೆಲೆ ಕೊಟ್ಟು ಸಂಪುಟವನ್ನು ಕೊಂಡು, ಒಳಗಿದ್ದ ಮುತ್ತನ್ನು ವರ್ತಕನಿಗೇ ಹಿಂದಕ್ಕೆ ಕೊಟ್ಟು ಹೋದನಂತೆ. ಈ ಕಥೆಯು ಅಲ್ಲಿ ಬರುವುದು ಪೆಟ್ಟಿಗೆಗಳ ವಿಷಯವಾಗಿ ಅಲ್ಲ, ಮಾತಿನ ವಿಷಯವಾಗಿ. ಮೋ ಎಂಬ ತತ್ತ್ವಜ್ಞನ ಮಾತು ಏಕೆ ಇಷ್ಟು ಬರಡು ಎಂದು ಕೇಳಿದವರಿಗೆ, ಮಾತು ಚೆಲುವಾದರೆ ಜನರು ಚೆಲುವನ್ನು ಹಿಡಿದು ಅರ್ಥವನ್ನು ಬಿಟ್ಟಾರೆಂಬ ಭಯದಿಂದ ಎಂದು ಉತ್ತರ ಕೊಡುವುದಕ್ಕಾಗಿ ಆ ಕಥೆಯನ್ನು ಹೇಳಿದೆ. ನಮ್ಮ ಮನೆಯ ಪ್ರಸಂಗವು ಆ ಕಥೆಯನ್ನೂ ಮೀರಿಸಿತು. ಅಲ್ಲಿ ಮುತ್ತು ಸಂಪುಟದೊಳಕ್ಕೆ ಹೋಗಿಯಾದರೂ ಇತ್ತು. ಇಲ್ಲಿ ಹೋಗುವುದಕ್ಕೇ ಎಡೆಯಿರಲಿಲ್ಲ.

ಆದರೂ ನಿಷ್ಠುರವಾದಿಯ ಮಾತನ್ನು ನಾನು ಪೂರ್ತಿಯಾಗಿ ಒಪ್ಪಲಾರೆ. ಅಲಂಕಾರ ಎಂಬ ಶಬ್ದವನ್ನೇ ನೋಡಿರಿ. ‘ಅಲಂ’ ಎಂದರೆ ಸಾಕು, ತಕ್ಕಷ್ಟು. ಅಲಂಕರಿಸುವುದೆಂದರೆ ಒಂದು ವಸ್ತುವನ್ನು ಅದರ ಕೆಲಸಕ್ಕೆ ಸಾಲುವಂತೆ, ತಕ್ಕುದಾಗುವಂತೆ ಮಾಡುವುದು. ಕಲಾವಿಮರ್ಶಕರಾದ ಆನಂದ ಕುಮಾರಸ್ವಾಮಿಯವರು ೧೯೩೯ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ ಈ ಅರ್ಥವನ್ನು ಎತ್ತಿ ಹಿಡಿದು, ಭೂಷಣವೆಂಬುದು ಮೊದಲಿನಲ್ಲಿ ವಸ್ತುವಿಗೆ ಬೇಕಾದ ಸಾಧನವೇ ಆಗಿತ್ತು, ಮೇಲೆ ಹಚ್ಚಿದ ಅಧಿಕಪ್ರಸಂಗವಾಗಿರಲಿಲ್ಲವೆಂದು ಪ್ರತಿಪಾದಿಸಿದರು. ಈ ದೃಷ್ಟಿಯಿಂದ ನೋಡಿದರೆ ಅಲಂಕಾರದ ಶತ್ರುವು ಬೋಳುತನವಲ್ಲ. ತಕ್ಕುದಲ್ಲದ್ದು ಯಾವುದೋ ಅದೇ ಅದರ ಶತ್ರು.

ಮಹಾಭಾರತದ ವನಪರ್ವದಲ್ಲಿ ಬರುವ ಒಂದು ಪೆಟ್ಟಿಗೆಯನ್ನು ವಾಚಕರು ನೆನೆಯಬೇಕು. ಕನ್ಯೆಯಾದ ಕುಂತಿಯು ಹೆತ್ತ ಮಗುವನ್ನು ಲೋಕಾಪವಾದಕ್ಕೆ ಅಂಜಿ ನೀರಿಗೆ ಬಿಡಬೇಕಾಗಿದೆ. ಅವಳೂ ಅವಳ ದಾದಿಯೂ ಕೂಡಿ ಮಂಜೂಷೆಯೊಂದನ್ನು ಸಿದ್ಧಪಡಿಸುತ್ತಾರೆ. ನೀರು ಒಳಕ್ಕೆ ಬಾರದಂತೆ ಮೇಣವನ್ನು ಬಳಿಯುತ್ತಾರೆ. ಒಳಗೆ ಮೆತ್ತನೆಯ ಹಾಸನ್ನು ಹಾಸುತ್ತಾರೆ. ಅದು ಅಶ್ವನದಿಯಿಂದ ಚರ್ಮಣ್ವತಿಗೆ, ಅಲ್ಲಿಂದ ಯಮುನೆಗೆ, ಯಮುನೆಯಿಂದ ಗಂಗೆಗೆ ತೇಲಿಹೋಗಿ ಚಂಪಾನಗರದ ಬಳಿಯಲ್ಲಿ ರಾಧೆಯ ಕಣ್ಣಿಗೆ ಬಿದ್ದಾಗ, ರಕ್ಷೆಯ ಕಟ್ಟುಗಳಿಂದಲೂ ಲೇಪನದಿಂದಲೂ ಶೋಭಿಸುತ್ತಿತ್ತೆಂದು ಕವಿಯು ಹೇಳುತ್ತಾನೆ. ತೊರೆಯುವುದಕ್ಕೆಂದು ಮಾಡಿದ ಪೆಟ್ಟಿಗೆಗೆ ಅಲಂಕಾರವೇಕೆ? ಯಾರಿಗೆ ತೋರಿಸಲಿಕ್ಕೆ? ಇದನ್ನು ಆಡಂಬರವೆನ್ನುವ ಕಠಿಣಹೃದಯನು ಯಾರೂ ಇರಲಾರನು. ಮೇಣವು ನೀರಿಗೆ ಹೇಳಿದ ಮಾತು. ಹಾಸು ಮಗುವಿಗೆ ಹೇಳಿದ ಮಾತು. ಮೇಲಿನ ಲೇಪನವೂ ರಕ್ಷೆಯೂ ಆ ಪೆಟ್ಟಿಗೆಯನ್ನು ಮುಂದೆ ಯಾರು ಎತ್ತಿಕೊಳ್ಳುವರೋ ಅವರಿಗೆ ಹೇಳಿದ ಮಾತು. ‘ಇದು ಬೇಡವಾದ ವಸ್ತುವಲ್ಲ, ಮೆಲ್ಲಗೆ ತೆರೆಯಿರಿ’ ಎಂಬ ಆ ಒಂದು ಮಾತನ್ನು ಹೇಳಲು ಕುಂತಿಗೆ ಬೇರೆ ಬಾಯಿರಲಿಲ್ಲ.

ಅಲಂಕಾರದ ನ್ಯಾಯವಾದ ಉದ್ಯೋಗ ಇದೇ ಎಂದು ನನಗೆ ತೋರುತ್ತದೆ. ಮುಚ್ಚಿದ ಪೆಟ್ಟಿಗೆಯೊಳಗಿನ ವಸ್ತುವಿಗೆ ಕಣ್ಣೆದುರು ಬಂದು ಮಾತನಾಡುವ ಶಕ್ತಿಯಿಲ್ಲ. ಅದರ ಪರವಾಗಿ ಹೊರಮೈಯು ಮಾತು ಕೊಡುತ್ತದೆ. ಮಾತು ಕೊಡುವುದು ತಪ್ಪಲ್ಲ. ಕೊಟ್ಟ ಮಾತು ಸುಳ್ಳಾದರೆ ತಪ್ಪು. ಒಳಗಿರುವುದಕ್ಕೆ ತಕ್ಕ ಮಾತನ್ನು ಹೊರಮೈಯು ಹೇಳುತ್ತಿದ್ದರೆ ಅದು ಅಲಂಕಾರ. ಇಲ್ಲದ್ದನ್ನು ಹೇಳಿದರೆ ವೇಷ.

ನಮ್ಮ ನಾಡಿನ ಆಚಾರಗಳಲ್ಲಿ ಈ ವಿವೇಕವು ಚೆನ್ನಾಗಿ ಕಾಣುತ್ತದೆ. ವೀರಶೈವರು ಇಷ್ಟಲಿಂಗವನ್ನು ಇಟ್ಟು ಕೊರಳಿನಲ್ಲಿ ಧರಿಸುವ ಕರಡಿಗೆಯನ್ನು ಬೆಳ್ಳಿಯಿಂದ ಅಂದವಾಗಿ ಮಾಡಿಸುವುದುಂಟು. ಆದರೆ ಪೂಜೆಯ ಹೊತ್ತಿನಲ್ಲಿ ಲಿಂಗವು ಅಂಗೈಗೆ ಬರುತ್ತದೆ. ಕರಡಿಗೆಯು ಪಕ್ಕದಲ್ಲಿ ಉಳಿಯುತ್ತದೆ. ಬೆಳ್ಳಿ ಎಷ್ಟು ತೂಕದ್ದಾದರೂ ಭಕ್ತನು ಕರಡಿಗೆಗೆ ಪೂಜೆ ಮಾಡಿ ಲಿಂಗವನ್ನು ಮರೆಯುವುದಿಲ್ಲ. ನಮಗೆ ಸಮೀಪವಾದ ಮೇಲುಕೋಟೆಯ ವೈರಮುಡಿಯ ಉತ್ಸವವನ್ನು ಕಂಡವರಿಗೆ ಇದು ಇನ್ನೂ ಸ್ಪಷ್ಟ. ಚೆಲುವನಾರಾಯಣಸ್ವಾಮಿಯ ಆ ಕಿರೀಟವನ್ನೂ, ರಾಜ ಒಡೆಯರು ಒಪ್ಪಿಸಿದರೆನ್ನುವ ರಾಜಮುಡಿಯನ್ನೂ ವರ್ಷವೆಲ್ಲ ಮಂಡ್ಯದ ಜಿಲ್ಲಾ ಖಜಾನೆಯಲ್ಲಿಟ್ಟು, ಉತ್ಸವದ ದಿನ ಕಾವಲಿನೊಡನೆ ಮೇಲುಕೋಟೆಗೆ ತರುತ್ತಾರೆ. ದಾರಿಯ ಹಳ್ಳಿಗಳ ಜನರು ಕಾದಿದ್ದು, ಮುಚ್ಚಿದ ಪೆಟ್ಟಿಗೆಗೇ ಹೂವೇರಿಸಿ ಆರತಿ ಎತ್ತುತ್ತಾರೆ. ವೈರಮುಡಿಗೆ ಹಗಲಿನ ಬೆಳಕು ಸೋಕಬಾರದು, ದೇವರ ಶಿರಸ್ಸನ್ನು ಏರುವ ಮೊದಲು ಅದನ್ನು ಬರಿಗಣ್ಣಿನಿಂದ ನೋಡಬಾರದು ಎಂಬುದು ಸಂಪ್ರದಾಯ. ರಾಮಾನುಜಾಚಾರ್ಯರ ಸನ್ನಿಧಿಯಲ್ಲಿ ಪೆಟ್ಟಿಗೆಯನ್ನು ತೆರೆಯುವ ಅರ್ಚಕರೂ ಕಣ್ಣಿಗೆ ರೇಷ್ಮೆಯ ವಸ್ತ್ರವನ್ನು ಕಟ್ಟಿಕೊಳ್ಳುತ್ತಾರೆ. ಕಿರೀಟವು ಸ್ವಾಮಿಯ ಮುಡಿಯನ್ನು ಏರಿದ ಕ್ಷಣದಿಂದ ಪೆಟ್ಟಿಗೆಯ ಕಡೆಗೆ ಯಾರೂ ತಿರುಗಿ ನೋಡುವುದಿಲ್ಲ. ದಾರಿಯುದ್ದಕ್ಕೂ ಪೂಜೆಗೊಂಡ ಪೆಟ್ಟಿಗೆಯು ಬೆಳಗಾಗುವವರೆಗೆ ಬರಿದಾಗಿ ಮೂಲೆಯಲ್ಲಿರುತ್ತದೆ. ಅದಕ್ಕೆ ಸಂದ ಗೌರವವು ಅದರದಲ್ಲವೆಂಬುದನ್ನು ಜನರು ಬಲ್ಲರು. ಮಾತು ಕೊಟ್ಟದ್ದು ಪೆಟ್ಟಿಗೆ. ಮಾತನ್ನು ಉಳಿಸಿಕೊಟ್ಟದ್ದು ಕಿರೀಟ.

ಇಷ್ಟರಿಂದ, ಅಲಂಕೃತವಾದ ಪೆಟ್ಟಿಗೆಯು ಧರ್ಮಕ್ಕೆ ವಿರುದ್ಧವಲ್ಲವೆಂದಾಯಿತು. ಇನ್ನು ಅದರ ಮೇರೆಯನ್ನು ಗೊತ್ತುಮಾಡಬೇಕು. ಆಚಾರ್ಯರು ಕೇಳಿದ ಪ್ರಶ್ನೆಗಿಂತ ಉತ್ತಮವಾದ ಸೂತ್ರವನ್ನು ನಾನು ಯಾವ ಗ್ರಂಥದಲ್ಲಿಯೂ ಕಾಣೆ: ಹೊರ ಅಳತೆಯೋ, ಒಳ ಅಳತೆಯೋ? ಮರಗೆಲಸವನ್ನು ಬಲ್ಲವರು, ಒಂದು ವಸ್ತುವಿಗೆಂದೇ ಮಾಡುವ ಪೆಟ್ಟಿಗೆಯನ್ನು ಒಳಗಿನಿಂದ ಅಳೆಯುತ್ತಾರೆ. ಮೊದಲು ವಸ್ತು, ಅದರ ಸುತ್ತ ಬೆರಳಾಡುವಷ್ಟು ಎಡೆ, ಒಳಗೆ ಬಟ್ಟೆ ಅಂಟಿಸುವುದಿದ್ದರೆ ಅದರ ದಪ್ಪ, ಆಮೇಲೆ ಹಲಗೆಯ ದಪ್ಪ. ಇವೆಲ್ಲವನ್ನೂ ಕೂಡಿದ ಮೇಲೆ ಬರುವ ಅಳತೆಯೇ ಹೊರ ಅಳತೆ. ಅದನ್ನು ಮೊದಲು ಗೊತ್ತುಮಾಡುವುದಲ್ಲ. ಅದು ಕಡೆಗೆ ತಾನಾಗಿ ಬರತಕ್ಕದ್ದು.

ಈ ನಿಯಮವನ್ನು ನನ್ನ ಪೆಟ್ಟಿಗೆಯ ಮುಚ್ಚಳವೇ ಪಾಲಿಸಿತ್ತೆಂಬುದು ನನಗೆ ತಡವಾಗಿ ತೋರಿತು. ಮರದಲ್ಲಿ ಮರವನ್ನು ಕೂರಿಸುವ ಮೈಸೂರಿನ ಕೆಲಸದ ಕ್ರಮ ಹೀಗಿದೆ: ಚಿತ್ರವನ್ನು ಕಾಗದದ ಮೇಲೆ ಬರೆದು, ಅದರ ಒಂದೊಂದು ಭಾಗವನ್ನೂ ಬೇರೆ ಬೇರೆ ಬಣ್ಣದ ಮರದ ತೆಳುವಾದ ಹಾಳೆಯಲ್ಲಿ ಸಣ್ಣ ಗರಗಸದಿಂದ ಕತ್ತರಿಸುತ್ತಾರೆ. ಆ ತುಂಡುಗಳನ್ನು ಹಲಗೆಯ ಮೇಲಿಟ್ಟು ಸುತ್ತಲೂ ಗೆರೆ ಎಳೆದು, ಗೆರೆಯೊಳಗಣ ಮರವನ್ನು ಉಳಿಯಿಂದ ತೆಗೆದು ತಗ್ಗು ಮಾಡುತ್ತಾರೆ. ತುಂಡನ್ನು ಅಂಟಿನೊಡನೆ ಆ ತಗ್ಗಿನಲ್ಲಿ ಕೂರಿಸಿ, ಮೇಲ್ಮೈ ಒಂದೇ ಸಮವಾಗುವಂತೆ ಉಜ್ಜಿ ನಯಮಾಡುತ್ತಾರೆ. ತಗ್ಗು ಕೂದಲೆಳೆಯಷ್ಟು ಕಿರಿದಾದರೆ ತುಂಡು ಕೂರದು; ಹಿರಿದಾದರೆ ಸಂದು ಕಾಣುವುದು. ಆಚಾರ್ಯರು ನವಿಲಿನ ಒಂದೊಂದು ಗರಿಗೂ ಅದಕ್ಕೆ ತಕ್ಕ ಎಡೆಯನ್ನು ಕೊಟ್ಟಿದ್ದರು. ಮುಚ್ಚಳದ ಮೇಲಣ ಮರದ ಹಕ್ಕಿಗೆ ಸರಿಯಾದ ಮನೆ ದೊರೆತಿತ್ತು. ಮುಚ್ಚಳದ ಕೆಳಗೆ ಇರಬೇಕಾದ ಪುಸ್ತಕಕ್ಕೆ ದೊರೆಯಲಿಲ್ಲ. ತಪ್ಪು ಅಲಂಕಾರದ್ದಲ್ಲ, ಅಲಂಕಾರಕ್ಕೆ ಕೊಟ್ಟ ಗಮನವನ್ನು ವಸ್ತುವಿಗೆ ಕೊಡದ ನನ್ನದು.

ಒಳ ಅಳತೆ ಎಂಬುದು ಅಂಗುಲಗಳಿಗೆ ಮಾತ್ರ ಸೇರಿದ್ದಲ್ಲ. ಅಲಂಕಾರಕ್ಕೆ ತೆತ್ತ ಬೆಲೆಯೂ ಅದರಲ್ಲಿ ಸೇರುತ್ತದೆ. ೧೮೯೭ರಲ್ಲಿ ಹಳೆಯ ಮರದ ಅರಮನೆಯು ಸುಟ್ಟ ಮೇಲೆ ಮೈಸೂರಿನಲ್ಲಿ ಎದ್ದು, ೧೯೧೨ರಲ್ಲಿ ಪೂರ್ಣವಾದ ಅರಮನೆಯ ಅಂಬಾವಿಲಾಸದಲ್ಲಿ, ಬೀಟೆಮರದಲ್ಲಿ ಆನೆಯ ದಂತವನ್ನು ಕೂರಿಸಿದ ಬಾ‌ಗಿಲುಗಳಿವೆ. ಅದರ ಚೆಲುವನ್ನು ಅಲ್ಲಗಳೆಯುವುದು ಸಾಧ್ಯವಿಲ್ಲ. ಆದರೆ ಒಡವೆಯ ಪೆಟ್ಟಿಗೆಯೊಂದರ ಮೂಲೆಯಲ್ಲಿ ಬೆರಳಷ್ಟು ಬಿಳಿಯ ಬಳ್ಳಿ ಕಾಣಬೇಕೆಂಬ ಆಸೆಯು ಹತ್ತು ಮನೆ, ಸಾವಿರ ಮನೆಗಳಿಗೆ ಹಬ್ಬಿದಾಗ, ಅದರ ಲೆಕ್ಕವು ಕಾಡಿನಲ್ಲಿ ನಡೆಯುತ್ತದೆ. ೧೯೭೨ರ ವನ್ಯಜೀವಿ ಸಂರಕ್ಷಣೆಯ ಕಾಯಿದೆಗೆ ೧೯೮೬ರಲ್ಲಿಯೂ ೧೯೯೧ರಲ್ಲಿಯೂ ಆದ ತಿದ್ದುಪಡಿಗಳಿಂದ ಭಾರತದಲ್ಲಿ ಮೊದಲು ಈ ದೇಶದ ಆನೆಯ ದಂತದ ವ್ಯಾಪಾರವೂ, ಆಮೇಲೆ ಆಫ್ರಿಕದಿಂದ ಬಂದ ದಂತದ ವ್ಯಾಪಾರವೂ ನಿಂತುವು. ಕೂರಿಸುವ ಕಲೆಯು ಅದರಿಂದ ಸಾಯಲಿಲ್ಲ. ಕಸಬುದಾರರು ನಾನಾ ಬಣ್ಣದ ಮರಗಳನ್ನೂ, ದಂತಕ್ಕೆ ಬದಲಾಗಿ ಬೇರೆ ಬಿಳಿಯ ಪದಾರ್ಥಗಳನ್ನೂ ಹಿಡಿದು ಕೆಲಸವನ್ನು ಮುಂದುವರಿಸಿದರು. ಚೆಲುವಿಗೆ ಅನಿವಾರ್ಯವೆಂದು ತಲೆಮಾರುಗಳಿಂದ ನಂಬಿದ್ದುದು ಅನಿವಾರ್ಯವಾಗಿರಲಿಲ್ಲ. ನಮ್ಮ ಮದುವೆಗಳ ಚಪ್ಪರದ ಕೆಳಗೆ ನಿಂತು, ಸಾಲದ ಪತ್ರವನ್ನು ಜೇಬಿನಲ್ಲಿಟ್ಟುಕೊಂಡು ನಗುವ ತಂದೆಯೂ ಈ ಮಾತನ್ನು ಒಂದು ಕ್ಷಣ ಯೋಚಿಸಬಹುದು.

ಇನ್ನು ಹೆಸರಿನ ಪ್ರಶ್ನೆ. ಕೃಷ್ಣರಾಜಪೇಟೆಗೆ ಸೇರಿದಂತೆಯೇ ಇರುವ ಹೊಸಹೊಳಲಿನಲ್ಲಿ ಹೊಯ್ಸಳರ ಕಾಲದ, ೧೩ನೆಯ ಶತಮಾನದ ಲಕ್ಷ್ಮೀನಾರಾಯಣ ದೇವಾಲಯವಿದೆ. ಅದನ್ನು ಕಲ್ಲಿನಲ್ಲಿ ಮಾಡಿದ ಅಲಂಕೃತವಾದ ಪೆಟ್ಟಿಗೆಯೆಂದರೆ ತಪ್ಪಾಗದು. ಹೊರಗೋಡೆಯ ಮೇಲೆ ಆನೆ, ಕುದುರೆ, ಬಳ್ಳಿ, ಪುರಾಣಕಥೆಗಳ ಸಾಲುಗಳು; ಒಳಕ್ಕೆ ಹೋದಂತೆ ಬೆಳಕು ಕಡಿಮೆಯಾಗುತ್ತದೆ, ಕೆತ್ತನೆಯೂ ಕಡಿಮೆಯಾಗುತ್ತದೆ; ಗರ್ಭಗೃಹದಲ್ಲಿ ಬರಿಯ ಗೋಡೆ, ದೀಪ, ಮೂರ್ತಿ. ಹೊಯ್ಸಳ ಶಿಲ್ಪಿಗಳಲ್ಲಿ ಹಲವರು ತಾವು ಕಡೆದ ಮೂರ್ತಿಗಳ ಪೀಠದ ಮೇಲೆ ತಮ್ಮ ಹೆಸರನ್ನು ಕೊರೆದಿದ್ದಾರೆಂಬುದು ಪ್ರಸಿದ್ಧವಾದ ಸಂಗತಿ. ಸೋಮನಾಥಪುರದಲ್ಲಿಯೂ ನುಗ್ಗೆಹಳ್ಳಿಯಲ್ಲಿಯೂ ಮಲ್ಲಿತಮ್ಮನ ಹೆಸರನ್ನು ಇಂದಿಗೂ ಓದಬಹುದು. ಆ ದೇವಾಲಯಗಳನ್ನು ಕಟ್ಟಿಸಿದವರ ಹೆಸರೂ ಶಾಸನಗಳಲ್ಲಿದೆ. ಕಟ್ಟಿಸಿದವನು ತಾನು ಕಡೆದೆನೆಂದು ಬರೆಸಲಿಲ್ಲ. ಕಡೆದವನು ತಾನು ಕಟ್ಟಿಸಿದೆನೆಂದು ಕೊರೆಯಲಿಲ್ಲ. ಮಾಡಿಸುವುದೂ ಒಂದು ಪುಣ್ಯ, ಮಾಡುವುದೂ ಒಂದು ಪುಣ್ಯ. ಒಂದರ ಹೆಸರಿನಲ್ಲಿ ಮತ್ತೊಂದನ್ನು ತೆಗೆದುಕೊಂಡಾಗ ಎರಡೂ ಕೆಡುತ್ತವೆ. ನಾನು ಆಚಾರ್ಯರಿಂದ ಪೆಟ್ಟಿಗೆಯನ್ನು ಮಾಡಿಸಿ ಹುಡುಗಿಗೆ ಉಡುಗೊರೆಯಾಗಿ ಕೊಟ್ಟಿದ್ದರೆ ಅದರಲ್ಲಿ ಅಧರ್ಮವೇನೂ ಇರಲಿಲ್ಲ. ಅದರ ತಳದಲ್ಲಿ ಅಂಟಿಸಿದ ಒಂದು ಚೀಟಿಯು ಮೂವರಿಗೆ ಅನ್ಯಾಯ ಮಾಡಿತು. ಆಚಾರ್ಯರ ಹೆಸರನ್ನು ಕಿತ್ತುಕೊಂಡಿತು. ಪಕ್ಕದ ಮೇಜಿನಲ್ಲಿ ಸೊಟ್ಟ ಪೆಟ್ಟಿಗೆಗಳನ್ನು ಪ್ರಾಮಾಣಿಕವಾಗಿ ಇಟ್ಟು ನಿಂತಿದ್ದ ಮಕ್ಕಳ ಬಹುಮಾನವನ್ನು ಕಿತ್ತುಕೊಂಡಿತು. ನಮ್ಮ ಹುಡುಗಿಯಿಂದ ಏನನ್ನು ಕಿತ್ತುಕೊಂಡಿತೆಂಬುದನ್ನು ಬಿಡಿಸಿ ಹೇಳಬೇಕು.

ಮಕ್ಕಳಿಗೆ ಶಾಲೆಯಲ್ಲಿ ಕೈಗೆಲಸವನ್ನು ಕೊಡುವುದು ಪೆಟ್ಟಿಗೆಗಳ ಕೊರತೆಯನ್ನು ತುಂಬುವುದಕ್ಕಲ್ಲ. ೧೯೩೭ರಲ್ಲಿ ವರ್ಧಾದಲ್ಲಿ ಸೇರಿದ ಶಿಕ್ಷಣ ಪರಿಷತ್ತಿನಲ್ಲಿ ಗಾಂಧೀಜಿಯವರು ಕಸಬನ್ನು ವಿದ್ಯಾಭ್ಯಾಸದ ನಡುವಿನಲ್ಲಿಯೇ ಇರಿಸಬೇಕೆಂದದ್ದು, ಕೈ ಕಲಿಯುವಾಗ ಬುದ್ಧಿಯೂ ಶೀಲವೂ ಕಲಿಯುತ್ತವೆಂಬ ನಂಬಿಕೆಯಿಂದ. ಆ ದೃಷ್ಟಿಯಲ್ಲಿ ಶಾಲೆಯ ಕೈಗೆಲಸವೇ ಒಂದು ಪೆಟ್ಟಿಗೆ. ಅದರೊಳಗೆ ಇರಬೇಕಾದ ವಸ್ತುವು ಮಗುವಿನ ಪ್ರಯತ್ನ: ಬಾಗಿದ ಗೋಡೆ, ಕೂರದ ಮುಚ್ಚಳ, ಅಂಟು ಮೆತ್ತಿದ ಬೆರಳು, ಏಕೆ ಕೂರಲಿಲ್ಲವೆಂದು ತಾನೇ ಯೋಚಿಸಿ ಕಂಡುಕೊಂಡ ಒಂದು ಸಣ್ಣ ಸತ್ಯ. ನಾನು ಕೊಟ್ಟ ತೇಗದ ಪೆಟ್ಟಿಗೆಯಲ್ಲಿ ಇದಕ್ಕೆ ಎಡೆಯಿರಲಿಲ್ಲ. ಅಜ್ಜಿಯ ಪುಸ್ತಕವು ಅದರೊಳಕ್ಕೆ ಹಿಡಿಸದೆ ಹೋದದ್ದು ಅಂಗುಲದ ತಪ್ಪಿನಿಂದ. ಹುಡುಗಿಯ ಮೂರು ದಿನಗಳು ಅದರೊಳಕ್ಕೆ ಹಿಡಿಸದೆ ಹೋದದ್ದು ಅದಕ್ಕಿಂತ ದೊಡ್ಡ ತಪ್ಪಿನಿಂದ. ಪ್ರೀತಿಯಿಂದ ಮಾಡಿದೆನೆಂದು ಸಮಾಧಾನ ಹೇಳಿಕೊಳ್ಳಬಹುದು. ಆದರೆ ಪ್ರೀತಿಯೂ ಹೊರ ಅಳತೆಯನ್ನು ಹಿಡಿದು ಹೊರಟರೆ, ತಾನು ಕಾಪಾಡಹೊರಟ ವಸ್ತುವನ್ನೇ ಹೊರಗೆ ನಿಲ್ಲಿಸಿಬಿಡುತ್ತದೆ. ಮಕ್ಕಳ ವಿದ್ಯೆಯನ್ನೂ ಉದ್ಯೋಗವನ್ನೂ ವಿವಾಹವನ್ನೂ ಗೊತ್ತುಮಾಡುವ ಹಿರಿಯರಾದ ನಾವು, ಎಷ್ಟು ಸಲ ಮುಚ್ಚಳದ ನವಿಲನ್ನು ನೋಡುತ್ತ ಅಳತೆ ಕೊಟ್ಟಿದ್ದೇವೆ!

ಒಂದು ಆಕ್ಷೇಪಕ್ಕೆ ಉತ್ತರ ಹೇಳಬೇಕು. ‘ಸಣ್ಣ ಮಕ್ಕಳ ಆಟದ ಬಹುಮಾನಕ್ಕೆ ಇಷ್ಟು ಧರ್ಮಜಿಜ್ಞಾಸೆಯೆ?’ ಎಂದು ಲೋಕಾನುಭವಿಗಳಾದ ಮಿತ್ರರೊಬ್ಬರು ನಕ್ಕರು. ದೊಡ್ಡವರ ವ್ಯವಹಾರದಲ್ಲಿ ನಡೆಯುವ ಸುಳ್ಳುಗಳಿಗೆ ಹೋಲಿಸಿದರೆ ಇದು ಸಾಸಿವೆಯಷ್ಟು, ನಿಜ. ಆದರೆ ‘ಮನೆಯವರು ಕೊಂಚ ಸಹಾಯ ಮಾಡಿದೆವು’ ಎಂದಾಗ ನಾನು ಆಡಿದ್ದು ಪೂರ್ಣವಾದ ಸುಳ್ಳೂ ಅಲ್ಲ. ನಿಜದ ತಗಡನ್ನು ಹೊದಿಸಿದ ಸುಳ್ಳು. ಮಗುವು ಅದನ್ನು ಕೇಳಿಸಿಕೊಂಡು ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತದೆ. ನಮ್ಮ ಮಾತನ್ನು ಮಕ್ಕಳು ಇಡುವ ಪೆಟ್ಟಿಗೆಗೆ ಮುಚ್ಚಳ ಬಲವಾಗಿರುತ್ತದೆ. ಒಮ್ಮೆ ಒಳಗೆ ಹೋದದ್ದನ್ನು ನಾವು ಹೊರಗೆ ತೆಗೆಯಲಾರೆವು.

ಆದುದರಿಂದ ಒಂದು ವಾರದ ಮೇಲೆ ನಾನೂ ಹುಡುಗಿಯೂ ಬಹುಮಾನವನ್ನು ಹಿಡಿದುಕೊಂಡು ಶಾಲೆಗೆ ಹೋದೆವು. ಉಪಾಧ್ಯಾಯಿನಿಯವರಿಗೆ ನಡೆದದ್ದನ್ನು ನಡೆದಂತೆ ಹೇಳಿದೆ. ಅವರು ಉಪದೇಶವನ್ನೂ ಮಾಡಲಿಲ್ಲ, ಪರವಾಗಿಲ್ಲವೆಂದೂ ಹೇಳಲಿಲ್ಲ; ಬಹುಮಾನವನ್ನು ತೆಗೆದುಕೊಂಡು ಪಟ್ಟಿಯಲ್ಲಿ ಹೆಸರನ್ನು ತಿದ್ದಿದರು. ನನಗೆ ಅದೇ ಉಚಿತವೆಂದು ತೋರಿತು. ಹಿಂದಿರುಗಿ ಬರುವಾಗ ಹುಡುಗಿಯು, “ತಾತ, ರಟ್ಟು ಇನ್ನೂ ಮಿಕ್ಕಿದೆ” ಎಂದಳು.

ಈ ಸಲ ಅವಳು ಪುಸ್ತಕವನ್ನು ರಟ್ಟಿನ ಮೇಲೆ ಮಲಗಿಸಿ, ಸುತ್ತಲೂ ಸೀಸದಕಡ್ಡಿಯಿಂದ ಗೆರೆ ಎಳೆದಳು. ಗೆರೆಯಿಂದ ಆಚೆಗೆ ತನ್ನ ಕಿರುಬೆರಳಿನ ಅಗಲ ಬಿಟ್ಟು ಗೋಡೆಗಳನ್ನು ಎಬ್ಬಿಸಿದಳು. ಒಂದು ಮೂಲೆ ಈಗಲೂ ಕೊಂಚ ಬಾಗಿದೆ. ಅಜ್ಜಿಯು ಪುಟದ ಅಂಚಿನಲ್ಲಿ ಬರೆದಿದ್ದ ಚುಕ್ಕಿಯ ರಂಗವಲ್ಲಿಯನ್ನು ನೋಡಿ ನೋಡಿ ಮುಚ್ಚಳದ ಮೇಲೆ ಬಿಳಿಯ ಬಣ್ಣದಿಂದ ಬರೆದಳು. ಎರಡು ಚುಕ್ಕಿ ತಪ್ಪಿವೆ. ಪುಸ್ತಕವು ಅದರಲ್ಲಿ ಸರಿಯಾಗಿ ಕೂರುತ್ತದೆ. ಪೆಟ್ಟಿಗೆಯ ಹೊರ ಅಳತೆ ಎಷ್ಟಾಯಿತೆಂದು ಅವಳು ನೋಡಲೂ ಇಲ್ಲ, ನಾನು ಕೇಳಲೂ ಇಲ್ಲ.

ತೇಗದ ಪೆಟ್ಟಿಗೆಯೂ ಮನೆಯಲ್ಲಿದೆ. ಅದರೊಳಗೆ ಹಿಡಿಸುವ ಹಳೆಯ ಕಾಗದಗಳನ್ನು ಅದರಲ್ಲಿ ಇಟ್ಟಿದ್ದೇನೆ. ನವಿಲನ್ನು ಹೊಗಳುವ ಅತಿಥಿಗಳಿಗೆ ಪೆಟ್ಟಿಗೆಯನ್ನು ಬೋರಲು ಹಾಕಿ ತೋರಿಸುವುದು ಈಗ ನನ್ನ ಅಭ್ಯಾಸ. ಅಂಟಿನ ಕಲೆಯ ಪಕ್ಕದಲ್ಲಿ ಆಚಾರ್ಯರ ಹೆಸರಿದೆ; ನನ್ನ ಕೋರಿಕೆಯಂತೆ ಅವರೇ ಉಳಿಯಿಂದ ಕೊರೆದದ್ದು.